ಮುಕ್ತ ತಂತ್ರಾಂಶ ಸಮುದಾಯದಲ್ಲಿ ಮೊದಲ ವರ್ಷ

ಹುಬ್ಬಳ್ಳಿ-ಧಾರವಾಡದಲ್ಲಿದ್ದುಕೊಂಡೇ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಕ್ಕೆ ಒಂದು ವರ್ಷ ದುಡಿಯಬಯಸುವವರು, ಕೋಡ್ ಬರೆಯಲು ಬಾರದೆಂದು ಹಿಂಜರಿಯದೆ, ಫೈರ್‌ಫಾಕ್ಸ್ ಬ್ರೌಸರ್‌ನ ಅನುವಾದ ನಡೆಯುವ ಪಾಂಟೂನ್ ಜಾಲತಾಣದಲ್ಲಿ ಖಾತೆ ತೆರೆದು, ಮೊದಲ ಮೂರು ತಿಂಗಳು ಕನ್ನಡ ಅನುವಾದವೊಂದನ್ನೇ ಮಾಡಿ. ‘ಓಪನ್’ ಎಂಬ ಒಂದೇ ಪದ ಗುಂಡಿಯ ಮೇಲಿದ್ದರೆ ‘ತೆರೆ’ ಎಂದೂ ಸ್ಥಿತಿಯನ್ನು ಸೂಚಿಸಿದರೆ ‘ತೆರೆದಿದೆ’ ಎಂದೂ ಆಗುವುದರಿಂದ, ಅದು ಪರದೆಯಲ್ಲಿ ಎಲ್ಲಿ ಕಾಣಿಸುತ್ತದೆಂದು ನೋಡದೆ ಅನುವಾದಿಸಬೇಡಿ. ನೀವು ಸೂಚಿಸಿದ ಅನುವಾದ ತಿರಸ್ಕೃತವಾದರೆ ಕಾರಣ ಕೇಳಿ. ನಾನು ಹೆಚ್ಚು ಕಲಿತದ್ದು ಹಾಗೆಯೇ.

ಬಳಿಕ, ತಂತ್ರಾಂಶದಲ್ಲಿ ಕಂಡ ತಪ್ಪನ್ನು ತಿಳಿಸುವ ದೋಷ ವರದಿಗೆ ಕೈಹಾಕಿ: ಆವೃತ್ತಿ, ಮಾಡಿದ ಕ್ರಮ, ನಿರೀಕ್ಷಿಸಿದ್ದು, ಆದದ್ದು, ಈ ನಾಲ್ಕೂ ಅದರಲ್ಲಿರಲಿ.

ಮುಖಾಮುಖಿ ಭೇಟಿಯಿಲ್ಲದೆ ಉತ್ಸಾಹ ಉಳಿಯದು. ತಿಂಗಳಿಗೊಂದು ಭಾನುವಾರ ಚಹಾ, ಗಿರ್ಮಿಟ್‌ನೊಂದಿಗೆ ನಾಲ್ಕು ಜನ ಸೇರಿ, ಹೊಸಬರ ಹಳೆಯ ಲ್ಯಾಪ್‌ಟಾಪಿಗೆ, 1993ರಿಂದ ಸ್ವಯಂಸೇವಕರೇ ಬೆಳೆಸುತ್ತಿರುವ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಡಿ. ಅದಕ್ಕೂ ಮೊದಲು ಅವರ ಕಡತಗಳ ಪ್ರತಿಯನ್ನು ತಪ್ಪದೆ ತೆಗೆದಿಡಿ.