ಟಿಕ್ ಹಾಕುವ ಕೆಲಸ ಟೆಸ್ಟ್‌ಗೆ ಬಿಡಿ

ನಾನು ನೋಡಿಕೊಳ್ಳುವ ಲೈಬ್ರರಿ ಪೈಥಾನ್, ಗೋ, ಜಾವಾಸ್ಕ್ರಿಪ್ಟ್ ಮೂರರಲ್ಲೂ ಇದೆ. ಯಾವ ಫೀಚರ್ ಎಲ್ಲಿಗೆ ಬಂದಿದೆ ಅಂತ ರೀಡ್‌ಮಿಯಲ್ಲಿ ಒಂದು ಟೇಬಲ್ ಇಟ್ಟಿದ್ದೆ. 'ರೀಟ್ರೈ' (ವಿಫಲವಾದ ವಿನಂತಿಯನ್ನು ಮತ್ತೆ ಕಳಿಸುವುದು) ಸಾಲಿಗೆ ಮೂರೂ ಕಡೆ ಟಿಕ್ ಹಾಕಿದ್ದೆ. ಗೋದ ಕೋಡ್ ಇನ್ನೂ ಮರ್ಜ್ ಆಗಿರಲೇ ಇಲ್ಲ! ಬಳಸುವವರೊಬ್ಬರು ಇಶ್ಯೂ ಹಾಕಿದ ಮೇಲೆ ನನಗೆ ಗೊತ್ತಾಯಿತು.

ಮೊದಲು ಸಾಲುಗಳನ್ನು ಚಿಕ್ಕದಾಗಿ ಒಡೆಯಿರಿ. ಸುಮ್ನೆ 'ರೀಟ್ರೈ' ಅಂದರೆ ಏನೂ ಹೇಳಿದಂತಲ್ಲ. '429 ಬಂದರೆ ರೀಟ್ರೈ-ಆಫ್ಟರ್ ಹೆಡರ್ ಹೇಳಿದಷ್ಟು ಹೊತ್ತು ಕಾಯುತ್ತದೆ' ಅಂತ ಬರೆಯಿರಿ (429 ಅಂದರೆ 'ವಿನಂತಿಗಳು ಜಾಸ್ತಿಯಾದವು' ಅಂತ ಸರ್ವರ್ ಕೊಡುವ ಉತ್ತರ). ಇದಕ್ಕೆ ಹೌದು ಅಥವಾ ಇಲ್ಲ ಅನ್ನಬಹುದು. ಸಾಲಿಗೆ ಫಂಕ್ಷನ್ ಹೆಸರು ಇಡಬೇಡಿ, ಅದು ಒಂದೊಂದು ಭಾಷೆಯಲ್ಲಿ ಒಂದೊಂದು ಥರ ಇರುತ್ತದೆ.

ಗುರುತುಗಳನ್ನು ಓಪನ್‌ಟೆಲಿಮೆಟ್ರಿ ಅನ್ನುವ, ಹಲವು ಭಾಷೆಗಳಲ್ಲಿರುವ ಓಪನ್ ಸೋರ್ಸ್ ಪ್ರಾಜೆಕ್ಟ್‌ನ ಟೇಬಲ್ ನೋಡಿ ಕಲಿತೆ: ಇದ್ದರೆ ಪ್ಲಸ್, ಇಲ್ಲದಿದ್ದರೆ ಮೈನಸ್, ಆ ಭಾಷೆಗೆ ಸಂಬಂಧವೇ ಇಲ್ಲದಿದ್ದರೆ ಬೇರೆ ಗುರುತು. ಗೋದಲ್ಲಿ ಎಸಿಂಕ್-ಅವೇಟ್ (ಕಾಯಬೇಕಾದ ಕೆಲಸಗಳನ್ನು ಬರೆಯುವ ಒಂದು ವಿಧಾನ) ಇಲ್ಲ. ಆ ಸಾಲಿಗೆ ಮೈನಸ್ ಹಾಕಿದರೆ, ಪಾಪ, ಯಾರೋ ಅದನ್ನು ಬರೆಯಲು ಕೂತುಬಿಡುತ್ತಾರೆ.

ಈಗ ಮುಖ್ಯ ಕೆಲಸ. ಎಲ್ಲ ಭಾಷೆಗೂ ಸೇರಿದ ಒಂದು ಫೋಲ್ಡರ್‌ನಲ್ಲಿ ಜೇಸನ್ ಫೈಲ್‌ಗಳನ್ನಿಡಿ. ಒಂದೊಂದರಲ್ಲೂ ಸಾಲಿನ ಐಡಿ, ಇನ್‌ಪುಟ್, ಬರಬೇಕಾದ ಔಟ್‌ಪುಟ್. ಮೂರೂ ಭಾಷೆ ಅದೇ ಫೈಲ್‌ಗಳನ್ನು ಓದಿ ಟೆಸ್ಟ್ ಓಡಿಸಲಿ. ಬಂದ ಫಲಿತಾಂಶದಿಂದ ಸಿಐ (ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ಸ್ಕ್ರಿಪ್ಟ್ ಟೇಬಲ್ ಬರೆಯಲಿ. ಟೆಸ್ಟ್ ಇಲ್ಲದ ಜಾಗ ಖಾಲಿಯೇ ಇರಲಿ. ಇದನ್ನು ಮಾಡಿದ ಮೊದಲ ವಾರವೇ ನನಗೆ ಒಂದು ಬಗ್ ಸಿಕ್ಕಿತು. ಐಡಿ 9007199254740993 ಪೈಥಾನ್‌ನಲ್ಲಿ ಸರಿಯಾಗಿತ್ತು. ಜಾವಾಸ್ಕ್ರಿಪ್ಟ್‌ನಲ್ಲಿ ಕೊನೆಯ ಅಂಕಿ 2 ಆಗಿತ್ತು. ಅಲ್ಲಿ ಮಾಮೂಲಿ ನಂಬರ್ 2ರ 53ನೇ ಘಾತ ದಾಟಿದರೆ ಪೂರ್ಣಾಂಕಗಳೆಲ್ಲ ನಿಖರವಾಗಿ ಉಳಿಯುವುದಿಲ್ಲ ಅಲ್ವಾ? ಗೂಗಲ್‌ನ ಡೇಟಾ ಫಾರ್ಮ್ಯಾಟ್ ಪ್ರೋಟೋಬಫ್ 64 ಬಿಟ್ ಪೂರ್ಣಾಂಕವನ್ನು ಜೇಸನ್‌ನಲ್ಲಿ ಸ್ಟ್ರಿಂಗ್ (ಪಠ್ಯ) ಆಗಿ ಬರೆಯುತ್ತದೆ. ನಾನೂ ಹಾಗೇ ಮಾಡಿದೆ.

ಹೊಸ ಟೆಸ್ಟ್ ಹಾಕಿದ ದಿನವೇ ಎಲ್ಲ ಭಾಷೆಯೂ ಪಾಸಾಗಬೇಕು ಅಂತ ಹಟ ಬೇಡ. ಹಾಗೆ ಮಾಡಿದರೆ ಟೆಸ್ಟ್ ಬರೆಯುವವರೇ ಇರುವುದಿಲ್ಲ. ಪ್ರತಿ ಭಾಷೆಗೂ 'ಸದ್ಯ ಫೇಲ್ ಆಗುವವು' ಅಂತ ಒಂದು ಫೈಲ್ ಇಡಿ, ಪಕ್ಕದಲ್ಲಿ ಇಶ್ಯೂ ನಂಬರ್ ಇರಲಿ. ಅದರಲ್ಲಿರುವ ಟೆಸ್ಟ್ ಅಕಸ್ಮಾತ್ ಪಾಸಾದರೆ ಸಿಐ ಕೆಂಪಾಗಬೇಕು. ಆಗ ಕೋಡ್ ಸರಿಮಾಡಿದವರೇ ಆ ಹೆಸರನ್ನೂ ಅಳಿಸುತ್ತಾರೆ, ನೀವು ನೆನಪಿಸಬೇಕಿಲ್ಲ.