ಅಡ್ಡಗೋಡೆಯ ಮೇಲೆ ದೀಪ ಬೇಡ: ಅರ್ಧ ಹಿಡಿಸಿದ ಮಾಟಗಾತಿ ಕಾದಂಬರಿಗೆ ವಿಮರ್ಶೆ ಬರೆಯುವ ಬಗೆ

ಪೂರ್ತಿ ಮೆಚ್ಚಿದ ಪುಸ್ತಕದ ಬಗ್ಗೆ ಬರೆಯುವುದು ಸುಲಭ, ಪೂರ್ತಿ ಕೆಟ್ಟದ್ದರ ಬಗ್ಗೆ ಇನ್ನೂ ಸುಲಭ. ಕೈ ಕಟ್ಟಿಹಾಕುವುದು ನಡುವಿನದು. ಮೊದಲ ನೂರು ಪುಟ ಬಿಡದೆ ಓದಿಸಿಕೊಂಡು, ಆಮೇಲೆ ಎಲ್ಲೋ ಜಾರಿ, ಕೊನೆಯಲ್ಲಿ ಒಂದು ಒಳ್ಳೆಯ ದೃಶ್ಯದಿಂದ ಮತ್ತೆ ಮನಸ್ಸು ಗೆದ್ದ ಕಾದಂಬರಿ. ಈಚಿನ ಮಾಟಗಾತಿ ಫ್ಯಾಂಟಸಿಗಳಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ, ಯಾಕೆಂದರೆ ಒಂದೇ ಪುಸ್ತಕದ ತಲೆ ಮೇಲೆ ನಾಲ್ಕು ಹೊರೆ ಇರುತ್ತದೆ: ಮಾಂತ್ರಿಕ ಲೋಕ ಕಟ್ಟಬೇಕು, ಪ್ರೇಮಕಥೆ ನಡೆಸಬೇಕು, ಹೆಂಗಸರ ಮೇಲಿನ ದಬ್ಬಾಳಿಕೆಯ ಚರಿತ್ರೆ ಹೇಳಬೇಕು, ಮುಂದಿನ ಭಾಗಕ್ಕೆ ಬೀಜವನ್ನೂ ಬಿತ್ತಬೇಕು. "ಚೆನ್ನಾಗಿದೆ, ಆದರೂ ಏನೋ ಕೊರತೆ" ಎಂದು ಬರೆದು ಮುಗಿಸಿದರೆ ಓದುವವರಿಗೆ ಏನೂ ಸಿಗುವುದಿಲ್ಲ. ಆ 'ಏನೋ' ಯಾವ ಪುಟದಲ್ಲಿದೆ ಎಂದು ಹುಡುಕಬೇಕು.

ಹುಡುಕಾಟ ಓದುವಾಗಲೇ ಶುರುವಾಗಲಿ. ಮೂರು ಗುರುತು ಸಾಕು: ಹಿಡಿಸಿದ ಕಡೆ ಉದ್ದಗೆರೆ, ಎಡವಿದ ಕಡೆ ಅಡ್ಡಗೆರೆ, ನಂಬಿಕೆ ಬಾರದ ಕಡೆ ಪ್ರಶ್ನಾರ್ಥಕ. ನಾನೂರು ಪುಟದ ಕಾದಂಬರಿಗೆ 25ರಿಂದ 30 ಗುರುತು ಧಾರಾಳವಾಯಿತು. ಅದಕ್ಕಿಂತ ಹೆಚ್ಚಾದರೆ ನೀವು ಓದುತ್ತಿಲ್ಲ, ಕರಡು ತಿದ್ದುತ್ತಿದ್ದೀರಿ. ಮುಗಿಸಿದ ಮೇಲೆ ಎರಡು ದಿನ ಬಿಟ್ಟು, ಪುಸ್ತಕ ತೆರೆಯದೆ, ನೆನಪಿನಲ್ಲಿ ಉಳಿದ ಐದು ಸಂಗತಿ ಬರೆದಿಡಿ. ಆಮೇಲೆ ಅಡ್ಡಗೆರೆ ಬಿದ್ದ ಪುಟಸಂಖ್ಯೆಗಳನ್ನು ಒಂದು ಸಾಲಿನಲ್ಲಿ ಜೋಡಿಸಿ ನೋಡಿ. ಅವೆಲ್ಲ 180ರಿಂದ 290ರ ನಡುವೆ ಗುಂಪಾಗಿದ್ದರೆ ತೊಂದರೆ ಕಥೆಯ ಕಟ್ಟಡದ್ದು. ಪುಸ್ತಕದ ಉದ್ದಕ್ಕೂ ಚೆಲ್ಲಿದ್ದರೆ ಭಾಷೆಯದ್ದು. ಒಂದೇ ಪಾತ್ರ ಬಂದಾಗಲೆಲ್ಲ ಬಿದ್ದಿದ್ದರೆ ಆ ಪಾತ್ರದ್ದು. ಬಹಳ ಸಲ "ಪುಸ್ತಕವೇ ನೀರಸ" ಅನ್ನಿಸಿದ್ದು ಲೆಕ್ಕ ಹಾಕಿದಾಗ ನೂರು ಪುಟದ ರಗಳೆ ಮಾತ್ರ ಆಗಿರುತ್ತದೆ.

ಮಾಟಗಾತಿ ಕಥೆಯಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಮಾಟದ ಬೆಲೆ. ಹಾಳೆಯ ಎಡಕ್ಕೆ ಪ್ರತಿ ಮಂತ್ರ ಏನು ಮಾಡಿತು, ಬಲಕ್ಕೆ ಅದಕ್ಕೆ ಏನು ತೆರಬೇಕಾಯಿತು ಎಂದು ಬರೆಯಿರಿ. ಮೂರನೇ ಅಧ್ಯಾಯದಲ್ಲಿ ನಾಯಕಿ ಮಂತ್ರದಿಂದ ಒಂದು ಬತ್ತಿ ಹೊತ್ತಿಸುತ್ತಾಳೆ, ಆ ಕ್ಷಣದಿಂದ ಅವಳಿಗೆ ಅಜ್ಜಿಯ ದನಿ ಮರೆತುಹೋಗುತ್ತದೆ ಎಂದಿಟ್ಟುಕೊಳ್ಳಿ. ಓದುವವರ ಎದೆ ಧಸಕ್ಕೆನ್ನುತ್ತದೆ. ಮೂವತ್ತನೇ ಅಧ್ಯಾಯದಲ್ಲಿ ಅದೇ ನಾಯಕಿ ಬಿರುಗಾಳಿ ಎಬ್ಬಿಸಿ ಒಂದು ಪಡೆಯನ್ನೇ ಓಡಿಸುತ್ತಾಳೆ, ಮರುದಿನ ಸ್ವಲ್ಪ ತಲೆನೋವು. ನಿಮಗೆ ಆದ ಬೇಸರದ ಮೂಲ ಇಲ್ಲಿದೆ: ಬತ್ತಿಗೆ ಅಜ್ಜಿಯ ದನಿಯನ್ನೇ ಕೇಳಿದ ಲೋಕ ಬಿರುಗಾಳಿಯನ್ನು ಪುಕ್ಕಟೆ ಕೊಟ್ಟಿದೆ. ಹಾಗೆಂದು ನಿಯಮ ಹೇಳದ ಮಾಟವೆಲ್ಲ ತಪ್ಪಲ್ಲ. ಅದು ಭಯ ಹುಟ್ಟಿಸಲಿ, ಬೆರಗು ಹುಟ್ಟಿಸಲಿ. ಕಥೆಯ ಗಂಟು ಬಿಡಿಸಲು ಬಂದಾಗ ಮಾತ್ರ ಲೆಕ್ಕ ಕೇಳಿ.

ಎರಡನೆಯದು ಚರಿತ್ರೆ. ವಿಮರ್ಶಕರು ಹೆಚ್ಚು ಎಡವುವ ಜಾಗ ಇದು. ಲೋಕ ಪೂರ್ತಿ ಕಲ್ಪಿತವಾಗಿದ್ದರೆ ಇಸವಿ ಹುಡುಕಿಕೊಂಡು ಹೋಗಬೇಡಿ. ಆದರೆ ಕಾದಂಬರಿ ನಿಜವಾದ ಊರು, ನಿಜವಾದ ವರ್ಷದ ಹೆಸರೆತ್ತಿದರೆ ಕೆಲವು ಸಂಗತಿ ಗೊತ್ತಿರಬೇಕು. ಅಮೆರಿಕದ ಸೇಲಂನಲ್ಲಿ 1692ರಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ಗಲ್ಲಿಗೇರಿಸಿದರು. ಜೈಲ್ಸ್ ಕೋರಿ ಎಂಬ ಮುದುಕನನ್ನು ಕಲ್ಲು ಹೇರಿ ಕೊಂದರು. ಸುಟ್ಟದ್ದು ಒಬ್ಬರನ್ನೂ ಅಲ್ಲ. ಇಂಗ್ಲೆಂಡಿನಲ್ಲೂ ಮಾಟದ ಅಪರಾಧಕ್ಕೆ ನೇಣೇ ಶಿಕ್ಷೆಯಾಗಿತ್ತು. ಬೆಂಕಿ ಬಳಸಿದ್ದು ಜರ್ಮನ್ ಸೀಮೆಗಳು, ಸ್ಕಾಟ್ಲೆಂಡ್ ಮುಂತಾದ ಕಡೆ. ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ಮೊದಲು ಕತ್ತು ಬಿಗಿದು ಕೊಂದು ಆಮೇಲೆ ಸುಡುತ್ತಿದ್ದರು. ಮಾಟಗಾತಿಯರೆಂದು ಜನರನ್ನು ಹಿಡಿದು ಕೊಂದ ಈ ಬೇಟೆಯನ್ನು 'ಮಧ್ಯಯುಗದ್ದು' ಎನ್ನುವುದೂ ರೂಢಿಯ ತಪ್ಪು. ಅದು ತೀವ್ರವಾಗಿದ್ದದ್ದು 1560ರಿಂದ 1630ರ ಆಸುಪಾಸಿನಲ್ಲಿ. ಯುರೋಪಿನಲ್ಲಿ ಸತ್ತವರು 40,000ದಿಂದ 60,000 ಎಂಬುದು ಇತಿಹಾಸಕಾರರ ಅಂದಾಜು, ಹಾಗಾಗಿ ಕಾದಂಬರಿಯ ಹಿನ್ನುಡಿ ತೊಂಬತ್ತು ಲಕ್ಷ ಎಂದರೆ ಪ್ರಶ್ನಾರ್ಥಕ ಹಾಕಿ. ಐಸ್‌ಲ್ಯಾಂಡಿನಲ್ಲಿ ಶಿಕ್ಷೆಗೊಳಗಾದವರಲ್ಲಿ ಹೆಚ್ಚಿನವರು ಗಂಡಸರು ಎಂಬುದೂ ನೆನಪಿರಲಿ.

ಇಸವಿ ತಪ್ಪಿದ್ದನ್ನಾದರೂ ಕ್ಷಮಿಸಬಹುದು. ಇನ್ನೊಂದು ತೊಡಕು ಅದಕ್ಕಿಂತ ದೊಡ್ಡದು. ಆಗ ಸತ್ತವರು ಮಾಟಗಾತಿಯರಲ್ಲ. ನೆರೆಹೊರೆಯ ಜಗಳ, ಭಯ, ಬಡತನದ ನಡುವೆ ಸಿಕ್ಕಿಬಿದ್ದ ಸಾಮಾನ್ಯರು. ಅವರಿಗೆ ನಿಜಕ್ಕೂ ಮಂತ್ರಶಕ್ತಿ ಇತ್ತು ಎಂದು ಕಾದಂಬರಿ ಹೇಳಿದ ಕೂಡಲೇ, ದೂರು ಕೊಟ್ಟವರ ಮಾತು ನಿಜವಾಗಿಬಿಡುತ್ತದೆ! ಒಳ್ಳೆಯ ಲೇಖಕಿ ಈ ಇಕ್ಕಟ್ಟನ್ನು ಗಮನಿಸಿರುತ್ತಾಳೆ. ನಿಜವಾದ ಮಾಟಗಾತಿಯರು ತಪ್ಪಿಸಿಕೊಂಡರು, ಅವರ ಬದಲು ನೆರೆಮನೆಯವಳು ಸತ್ತಳು ಎಂಬಂಥ ದಾರಿ ಹುಡುಕುತ್ತಾಳೆ, ಆ ಪಾಪಪ್ರಜ್ಞೆಯನ್ನು ಕಥೆಗೆ ತರುತ್ತಾಳೆ. ಪುಸ್ತಕ ಮುಚ್ಚಿದ ಮೇಲೆ ಕಾರಣ ತಿಳಿಯದ ಕಸಿವಿಸಿ ಉಳಿದಿದ್ದರೆ ಮೊದಲು ಇಲ್ಲಿ ಹುಡುಕಿ.

ಪ್ರೇಮಕಥೆ, ಖಳನ ಬಗ್ಗೆ ಒಂದೊಂದು ಪ್ರಶ್ನೆ ಸಾಕು. ಪ್ರೇಮಿಯನ್ನು ತೆಗೆದರೆ ನಾಯಕಿಯ ಯಾವ ನಿರ್ಧಾರ ಬದಲಾಗುತ್ತದೆ? ಖಳ ಗೆದ್ದರೆ ಅವನಿಗೆ ನಿಜಕ್ಕೂ ಏನು ಸಿಗುತ್ತದೆ?

ದೋಷ ಪುಸ್ತಕದ್ದೋ ನಿರೀಕ್ಷೆಯದ್ದೋ ಎಂದೂ ಬೇರ್ಪಡಿಸಬೇಕು. ಮುಖಪುಟದಲ್ಲಿ ರಕ್ತ, ಕಾಗೆ, ಚಂದ್ರ. ಒಳಗೆ ಚಹಾ ಕುಡಿಯುತ್ತ ಗಿಡಮೂಲಿಕೆ ಒಣಗಿಸುವ ನೆಮ್ಮದಿಯ ಕಥೆ. ಆ ಮೋಸ ಮಾರಾಟದವರದ್ದು, ಲೇಖಕಿಯ ತಲೆಗೆ ಕಟ್ಟಬೇಡಿ. ಮೂರು ಭಾಗಗಳ ಮೊದಲನೆಯದು ಎಲ್ಲವನ್ನೂ ಮುಗಿಸಲಿಲ್ಲ ಎಂದು ದೂರುವುದೂ ಸಲ್ಲದು. ಆದರೆ ಈ ಭಾಗವೇ ಎತ್ತಿದ ಮುಖ್ಯ ಪ್ರಶ್ನೆಗೆ ಉತ್ತರ ಕೊಡದೆ ನಿಲ್ಲಿಸಿದ್ದರೆ ದೂರಬಹುದು.

ಇನ್ನು ಬರೆಯುವುದು. 500ರಿಂದ 600 ಪದ ಸಾಕು. ಕಥೆಯ ಸಾರಾಂಶ ನೂರು ಪದ ದಾಟದಿರಲಿ, ಪುಸ್ತಕದ ಮೊದಲ ಕಾಲುಭಾಗದ ಆಚೆಯ ಗುಟ್ಟು ಹೊರಬೀಳದಿರಲಿ. ಮೆಚ್ಚುಗೆ ಒಂದು ಪ್ಯಾರಾ, ಟೀಕೆ ಒಂದು ಪ್ಯಾರಾ ಎಂದು ತಕ್ಕಡಿ ತೂಗಬೇಡಿ, ಎರಡೂ ಒಂದೇ ವಾಕ್ಯದಲ್ಲಿ ತಾಗಲಿ. "ಮಂತ್ರಗಳು ಚೆನ್ನಾಗಿವೆ, ಆದರೆ ಅಂತ್ಯ ಸಪ್ಪೆ" ಎಂಬುದು ಕಚ್ಚಾ ಸಾಲು. "ಮೊದಲರ್ಧದಲ್ಲಿ ಪ್ರತಿ ಮಂತ್ರಕ್ಕೂ ಒಂದು ನೆನಪು ತೆರಬೇಕಿತ್ತು, ಕೊನೆಯ ಯುದ್ಧದಲ್ಲಿ ಲೇಖಕಿ ಆ ಲೆಕ್ಕ ಮರೆತದ್ದರಿಂದ ಗೆಲುವು ಹಗುರವಾಯಿತು" ಎಂದು ತಿದ್ದಿದರೆ ಹೊಗಳಿಕೆ, ದೂರು, ಕಾರಣ ಮೂರೂ ಬಂದವು. 'ಆದರೆ' ಪದವನ್ನು ಎಣಿಸಿ. ನಾಲ್ಕು ದಾಟಿದರೆ ಮೇಲಿನಂತೆ ಸಾಲುಗಳನ್ನು ಕೂಡಿಸಿ.

ನಕ್ಷತ್ರ ಕೊಡಲೇಬೇಕಾದ ಕಡೆ ಐದಕ್ಕೆ ಮೂರು ಎಂಬುದು ಏನೂ ಹೇಳದ ಅಂಕ. ಎಲ್ಲವೂ ಸಾಧಾರಣವಾಗಿದ್ದಕ್ಕೂ ಮೂರು, ಅರ್ಧ ಅದ್ಭುತವಾಗಿ ಅರ್ಧ ಕೆಟ್ಟಿದ್ದಕ್ಕೂ ಮೂರು. ಮೂರೇ ಕೊಡುವುದಾದರೆ ಇದು ಯಾವ ಬಗೆಯ ಮೂರು ಎಂದು ಮೊದಲ ಸಾಲಿನಲ್ಲೇ ಬರೆಯಿರಿ, ಯಾರಿಗೆ ಹಿಡಿಸಬಹುದು ಎಂದು ಪಕ್ಕದಲ್ಲೇ ಸೇರಿಸಿ: ನಿಧಾನದ ಮಧ್ಯಭಾಗ ತಡೆದುಕೊಳ್ಳುವವರಿಗೆ ಸರಿ, ಮಂತ್ರದ ಲೆಕ್ಕಾಚಾರ ಬಿಗಿಯಾಗಿರಬೇಕು ಎನ್ನುವವರಿಗಲ್ಲ.