ಕಿನ್ನಾಳದ ಕಿಟ್ಟದಲ್ಲಿ ಅನ್ಯಗ್ರಹದ ಮುಖಗಳು: ನನ್ನ ಅನುಭವ

ಅನ್ಯಗ್ರಹದಿಂದ ಬಂದ ನಿರಾಶ್ರಿತರು ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಕ್ಯಾಂಪೊಂದರಲ್ಲಿ ನೆಲೆಸಿ, ಭತ್ತದ ನಾಟಿಗೆ ಕೂಲಿ ಹೋಗುತ್ತ, ಪಡಿತರ ಚೀಟಿಗಾಗಿ ಅಲೆಯುವ ಕಥೆಯನ್ನು ಮೂರೂವರೆ ಲಕ್ಷದೊಳಗೆ ಚಿತ್ರಿಸುತ್ತೇನೆಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ಚರ್ಮದಂತೆ ಬಾಗುವ ಸಿಲಿಕೋನ್ ಮುಖವಾಡ ಇಲ್ಲದಿದ್ದರೆ ಆ ಮುಖಗಳು ಜಾತ್ರೆಯ ವೇಷದಂತೆ ಕಾಣುತ್ತವೆ ಎಂಬುದು ಅವರ ವಾದವಾಗಿತ್ತು. ಸುಮಾರು 22 ನಿಮಿಷಗಳ ಚಿತ್ರ ಈಗ ಸಿದ್ಧವಾಗಿದೆ. ಗಂಗಾವತಿಯಲ್ಲಿ ಪರದೆ ಕಟ್ಟಿ ತೋರಿಸಿದಾಗ ಮುಖವಾಡ ಎಲ್ಲಿ ಮುಗಿದು ಕತ್ತು ಎಲ್ಲಿ ಶುರುವಾಗುತ್ತದೆಂದು ಅದೇ ಗೆಳೆಯರಿಗೂ ಗುರುತಿಸಲಾಗಲಿಲ್ಲ.

ಮೊದಲು ನಾವೂ ಸಿಲಿಕೋನನ್ನೇ ಹಿಡಿದಿದ್ದೆವು. ಒಂದು ಮುಖಕ್ಕೆ 40,000 ರೂಪಾಯಿಯಂತೆ ಎರಡನ್ನು ಮಾಡಿಸಿದೆವು. ಏಪ್ರಿಲ್ ಬಿಸಿಲಿಗೆ ಸುರಿದ ಬೆವರಿನಲ್ಲಿ ಅರ್ಧ ಗಂಟೆಯೊಳಗೆ ಅಂಟು ಬಿಟ್ಟು ಗಲ್ಲ ಜೋತುಬಿದ್ದಿತು. ಆ ದುಡ್ಡು ಅಲ್ಲಿಗೇ ಮುಗಿಯಿತು. ಫೋಮ್ ಅಗ್ಗವಾಗಿದ್ದರೂ ಬೆವರು ಕುಡಿದು ಭಾರವಾಗುತ್ತಿತ್ತು.

ಆಗ ಮರದ ಗೊಂಬೆಗಳಿಗೆ ಹೆಸರಾದ ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕೆ ಹೋದೆ. ಅಲ್ಲಿನ ಚಿತ್ರಗಾರರು ಹಗುರ ಮರದ ಗೊಂಬೆಗೆ ಮೈಕಟ್ಟು ಕೊಡಲು ಬಳಸುವ ಕಿಟ್ಟವೆಂದರೆ ಗೋಣಿಚೂರನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಮುದ್ದೆ. ನಾವು ಮರವನ್ನು ಕೈಬಿಟ್ಟು, ನಟರ ಮುಖದ ಅಳತೆಯ ಮಣ್ಣಿನ ಅಚ್ಚಿನ ಮೇಲೆ ಹಳೆಯ ಸೀರೆಯ ತುಂಡುಗಳನ್ನೂ ಕಿಟ್ಟವನ್ನೂ ಪದರಪದರವಾಗಿ ಹಚ್ಚಿದೆವು. ಮೊದಲನೆಯದು ಒಂದು ಕಿಲೋ ಮೀರಿ ನಟನ ಕತ್ತು ಹಿಡಿದುಕೊಂಡಿತು. ತೆಳುಮಾಡುತ್ತ ಬಂದು ಕೊನೆಗೆ 400 ಗ್ರಾಂ ಆಸುಪಾಸಿಗೆ ಇಳಿಸಿದೆವು. ಬಿಸಿಲಿಗಿಟ್ಟವು ಕಪಾಲದ ಬಳಿ ಸೀಳಿದ್ದರಿಂದ ನೆರಳಿನಲ್ಲಿ ವಾರದವರೆಗೆ ಒಣಗಿಸಬೇಕಾಯಿತು. ಹುಣಸೆಯ ಅಂಟಿಗೆ ಇರುವೆಯೂ ಹುಳುವೂ ಮುತ್ತಿದವು. ಅದನ್ನು ತಡೆಯಲು ಏನು ಬೆರೆಸಿದೆವೆಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಳಗೆ ಬಿಚ್ಚಿ ಒಗೆಯಬಹುದಾದ ಹತ್ತಿಯ ಅಸ್ತರ ಹಾಕಿದ್ದರಿಂದ ಬೆವರು ಕಿಟ್ಟವನ್ನು ಮುಟ್ಟಲಿಲ್ಲ. ಮಜೂರಿ ಸೇರಿ ಒಂದಕ್ಕೆ 2,000 ರೂಪಾಯಿಯ ಒಳಗೇ ಬಿದ್ದಿತು.

ಬಣ್ಣಕ್ಕೆ ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯನ್ನು ಜರಡಿ ಹಿಡಿದು ಬಳಸಿದೆವು. ಸಂಜೆಯ ಬೆಳಕಿನಲ್ಲಿ ಅದು ಕೊಡುವ ಬೂದುಮಿಂಚನ್ನು ಯಾವ ಪೇಂಟೂ ಕೊಡಲಿಲ್ಲ. ಅದೇ ಗಿರಣಿಯ ಭತ್ತ ಸುರಿಯುವ ಖಾಲಿ ತಗಡಿನ ಹಾಪರಿನೊಳಗೆ ನಟರನ್ನು ಕೂರಿಸಿ ಧ್ವನಿ ಹಿಡಿದದ್ದು ಬೇರೆಯೇ ಪ್ರಯೋಗ. ಮಾತು ಅರ್ಥವಾಗದಷ್ಟು ಗುಂಯ್‌ಗುಟ್ಟಿದ್ದರಿಂದ ಅದನ್ನು ಸಂಭಾಷಣೆಗೆ ಬಳಸದೆ, ಅನ್ಯಗ್ರಹದವರು ತಮ್ಮತಮ್ಮಲ್ಲೇ ಗೊಣಗುವ ದೃಶ್ಯಗಳಿಗಷ್ಟೇ ಇಟ್ಟುಕೊಂಡೆವು. ಕಣ್ಣಿಗೆ ಹೆಲ್ಮೆಟ್ಟಿನ ಕಪ್ಪು ವೈಸರನ್ನು ಕಾಯಿಸಿ ಸೌಟಿನ ಬೆನ್ನಿಗೆ ಒತ್ತಿದೆವು. ಆ ಕಣ್ಣು ರೆಪ್ಪೆ ಬಡಿದಂತೆ ಕಾಣುವುದು ಹೇಗೆಂದು ಎಲ್ಲರೂ ಕೇಳುತ್ತಾರೆ. ಅದು ನಮ್ಮ ದೀಪ ಹಿಡಿಯುವ ಹುಡುಗನ ಕೈಚಳಕವೆಂದಷ್ಟೇ ಹೇಳಬಲ್ಲೆ.

ಕದಲದ ಮುಖದಲ್ಲಿ ದುಃಖ ಮೂಡೀತೇ ಎಂಬ ಅನುಮಾನ ನನಗಿರಲಿಲ್ಲ, ಏಕೆಂದರೆ ತೊಗಲುಗೊಂಬೆ ನೋಡಿ ಅತ್ತವರ ನಾಡು ನಮ್ಮದು. ಕ್ಯಾಮೆರಾವನ್ನು ಮುಖಕ್ಕಿಂತ ಹೆಚ್ಚಾಗಿ ಕತ್ತು ಮತ್ತು ಕೈಗಳ ಮೇಲೆ ನಿಲ್ಲಿಸಿದೆವು. ಕಥೆಯ ಹಿನ್ನೆಲೆಯನ್ನೂ ನಮ್ಮ ಪ್ರೇಕ್ಷಕರಿಗೆ ವಿವರಿಸಬೇಕಾಗಲಿಲ್ಲ. ಕಾಲುವೆಯ ನೀರಿನ ಜೊತೆಗೆ ಬಂದ ಆಂಧ್ರದ ರೈತರ ಕ್ಯಾಂಪುಗಳನ್ನೂ, ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿರುವ ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳನ್ನೂ ಕಂಡವರು ಅವರು. ಚೀಟಿಗಾಗಿ ಸಾಲು ನಿಂತ ದೃಶ್ಯಕ್ಕೆ ಸಭೆಯಲ್ಲಿ ಒಬ್ಬರೂ ನಗಲಿಲ್ಲ.

ಒಟ್ಟು ಖರ್ಚು ಮೂರು ಲಕ್ಷ ಇಪ್ಪತ್ತು ಸಾವಿರದಷ್ಟಾಗಿರಬಹುದು. ಆ ಗೆಳೆಯರಲ್ಲಿ ಒಬ್ಬರು ಈಗ ಮುಖವಾಡಗಳನ್ನು ಬಾಡಿಗೆಗೆ ಕೇಳಿದ್ದಾರೆ. ದಿನಕ್ಕೆ 500 ರೂಪಾಯಿ, ಮುಂಗಡ ಬೇರೆ ಎಂದು ಹೇಳಿದ್ದೇನೆ.